ಕೆರೆಯಲ್ಲಿ ಸಿಕ್ಕ ಬಂಗುಡೆ

ಮನೆಯಿಂದ,
ಸೋಮವಾರ, ೧೪ನೇ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೇ? ಆ ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳಿಗೆ ಮಂಚ ಇದೆ, ನರ್ಸಮ್ಮನಿಗೆ ಕೂರಲು ಒಂದು ಸ್ಟೂಲೂ ಇಲ್ಲವೆಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನನಗೇ ಕಾಲು ನೋಯುತ್ತಿದೆ. ನನ್ನ ಮಂಡಿ ಹಾಗೇ ಇದೆ, ಹೇಳಿದ ಮಾತು ಕೇಳುವುದಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಮಗಳು ಚೂಟಿ ನಿನ್ನೆ ಮೀನು ಹಿಡಿದಳು. ಫೋನಿನಲ್ಲಿ ಆಗಲೇ ನಿನಗೆ ಕೂಗಿ ಹೇಳಿರುತ್ತಾಳೆ. "ನೀನು ಮೀನು ಹಿಡಿದ ದಿನ ರಜೆ ಹಾಕಿ ಬರ್ತೀನಿ" ಎಂದು ನೀನು ಮಾತು ಕೊಟ್ಟಿದ್ದೆಯಂತೆ. ರಜೆಗೆ ಅರ್ಜಿ ಬರೆಯುವ ಮುಂಚೆ ನನ್ನ ಮಾತು ಸ್ವಲ್ಪ ಕೇಳು. ಇದರಲ್ಲಿ ಏನೋ ಮಸಲತ್ತಿದೆ.

ನಾನು, ಅಳಿಯಂದಿರು, ಚೂಟಿ ಮೂವರೂ ಬೆಳಿಗ್ಗೆಯೇ ಕೆರೆಗೆ ಹೋದೆವು. ಗಾಳಕ್ಕೆ ಎರೆಹುಳ ಸಿಕ್ಕಿಸುವುದನ್ನು ಅವಳಿಗೆ ಕಲಿಸಿದೆ. ಮೊದಲು ಮುಖ ಕಿವುಚಿದಳು, ಆಮೇಲೆ ಹುಳುವಿನ ಕ್ಷಮೆ ಕೇಳಿ ಸಿಕ್ಕಿಸಿದಳು. ಎರಡು ಗಂಟೆ ನೀರಿನ ಮೇಲೆ ಗಾಳದ ಬೆಂಡು ಅಲುಗಾಡಲಿಲ್ಲ. ಬಾಯಾರಿ ಅವಳ ಅಗಲ ಬಾಯಿಯ ಫ್ಲಾಸ್ಕಿಗೆ ಕೈ ಹಾಕಿದರೆ "ಖಾಲಿ ಆಗಿದೆ ತಾತ" ಅಂದಳು. ಅಳಿಯಂದಿರು ಚಾಪೆ ತರುತ್ತೇನೆಂದು ಗಾಡಿಯ ಕಡೆ ಹೋದರು. ನಾನು ಮುಖದ ಮೇಲೆ ಪೇಪರು ಹಾಕಿಕೊಂಡು ಮರದಡಿ ಒರಗಿದೆ. ಕಣ್ಣು ಮುಚ್ಚಿ ಹತ್ತು ನಿಮಿಷವಾಗಿಲ್ಲ, "ತಾತಾ, ಸಿಕ್ತು!"

ಎದ್ದು ನೋಡುತ್ತೇನೆ, ಬಂಗುಡೆ! ಸಮುದ್ರದ ಬಂಗುಡೆ, ಸಿಹಿನೀರಿನ ಕೆರೆಯಲ್ಲಿ! ಗಾಳ ಚುಚ್ಚಿರುವುದು ಬಾಲಕ್ಕೆ. ಬಾಲದಿಂದ ಹುಳು ತಿನ್ನುವ ಮೀನನ್ನು ನಾನಂತೂ ಕಂಡಿಲ್ಲ. ಮುಟ್ಟಿದರೆ ಬೆರಳು ಜುಂ ಎನ್ನುವಷ್ಟು ತಣ್ಣಗಿದೆ, ಕೆರೆ ನೀರು ನೋಡಿದರೆ ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ನಲವತ್ತು ವರ್ಷ ಮೀನುಪೇಟೆಯಲ್ಲಿ ಐಸು ಒಡೆದವನಿಗೆ ಐಸಿನಲ್ಲಿ ಮಲಗೆದ್ದ ಮೀನು ಗೊತ್ತಾಗುವುದಿಲ್ಲವೇ? ಆದರೆ ಮಗು ಕುಣಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಚಪ್ಪಾಳೆ ತಟ್ಟಿದೆ.

ಅನುಮಾನ ಯಾರ ಮೇಲೆ ಬರಬೇಕು ಹೇಳು. ನೆಟ್ಟಗೆ ಮನುಷ್ಯನ ಮುಖ ನೋಡಿ ಮಾತಾಡುವ ಅಳಿಯಂದಿರು ವಾಪಸು ಬರುವ ದಾರಿಯುದ್ದಕ್ಕೂ ನನ್ನನ್ನು ಓರೆಗಣ್ಣಿನಿಂದ ನೋಡಿ ಮುಸಿಮುಸಿ ನಗುತ್ತಿದ್ದರು. ಚಾಪೆ ತರಲು ಅಷ್ಟು ಹೊತ್ತು ಬೇಕೇ? ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಹಿಡಿದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಕಿವಿಯ ಹತ್ತಿರ ಬಂದು, "ಮಾವ, ನಾಟಕ ಚೆನ್ನಾಗಿತ್ತು. ಕೆರೆ ಮೀನೇ ತಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅನ್ನಬೇಕೇ! ತಾನು ಮಾಡಿ ನನ್ನ ತಲೆಗೆ ಕಟ್ಟುವುದು. ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಪೊಲೀಸರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡೆವು.

ನೀನೇ ಕೇಳು, ನಿನ್ನೆದುರು ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಳ್ಳ ಮೀನಿಗಾಗಿ ನೀನು ಮೇಲಿನವರ ಮುಂದೆ ಕೈಕಟ್ಟಿ ರಜೆ ಕೇಳಬೇಕಾಗಿಲ್ಲ. ನಾವು ಹೇಗೋ ಇದ್ದೇವೆ. ಹೊತ್ತಿಗೆ ಸರಿಯಾಗಿ ಉಣ್ಣು, ಕಾಲಿಗೆ ಬಿಸಿನೀರು ಹಾಕು. ನಿನಗೆ ಒಳ್ಳೆಯದಾಗಲಿ, ತಾಯಿ.

ಇತಿ,
ನಿನ್ನ ಅಪ್ಪ

ತಾ.ಕ.: ಅಂಚೆಯಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ಚೂಟಿಯ ಫ್ಲಾಸ್ಕು ತೊಳೆಯಲು ಹೋದೆ. ತಳದಲ್ಲಿ ಒಂದು ಗೋಣಿ ತುಂಡು, ಅದಕ್ಕೆ ಅಂಟಿದ ಎರಡು ಮೀನಿನ ಹುರುಪೆ. ಐಸು ಕರಗಿದ ನೀರಿನಲ್ಲಿ ಮೀನು ನೆನೆಯಬಾರದೆಂದು ಅದರ ಕೆಳಗೆ ಗೋಣಿ ಹಾಕುವುದನ್ನು ನಾನು ಈ ಮನೆಯಲ್ಲಿ ಅವಳೊಬ್ಬಳಿಗೇ ಹೇಳಿಕೊಟ್ಟದ್ದು. ಬೀದಿಯ ಮೀನಿನಕ್ಕನನ್ನು ಕೇಳಿದೆ. "ಅಮ್ಮನ್ನ ಕರೆಸಬೇಕು, ಒಂದು ಮೀನು ಕೊಡು ಅಂದ್ಲು, ಕೊಟ್ಟೆ" ಅಂದಳು. ಅಳಿಯಂದಿರನ್ನು ಏನೂ ಕೇಳಬೇಡ. ಬಂಗುಡೆ ಕೆರೆಯಲ್ಲಿರುವುದಿಲ್ಲವೆಂದು ಮಗುವಿಗೆ ನಾನು ಹೇಳಿಲ್ಲ, ನೀನೂ ಹೇಳಬೇಡ. ರಜೆ ಕೇಳು. ಬಾ.