ಊಜಿ ಪರದೆ ಸುತ್ತಿದ ಅತ್ತಿಮರ

೧೧ ಮಾರ್ಚ್ ೨೦೨೫, ಮಂಗಳವಾರ

ಇವತ್ತೂ ಅಂಗಳದ ತುಂಬಾ ಎಳೆ ಅತ್ತಿಕಾಯಿ ಉದುರಿತ್ತು. ಎರಡು ಮಂಕರಿ ಗುಡಿಸಿ ಹಾಕಿದೆ. ಒಂದೂ ಹಣ್ಣಾಗಲಿಲ್ಲ.

ಹೋದ ಸಲ ಮಗಳು ಅಮೂಲ್ಯ ಹಣ್ಣು ಕಚ್ಚಿ, "ತಾತ, ಹುಳ!" ಎಂದು ಉಗಿದಳು. ಮೊಮ್ಮಗಳು ಉಗಿದದ್ದೇ ತಡ, ಮಾವ ಹಣ್ಣಿನ ತೂತು ನೋಡಿ, ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣದ ಕೆಲಸ ಎಂದು ತೀರ್ಮಾನಿಸಿಬಿಟ್ಟರು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಗೂಡಿಗೆ ತೂತು ಬಿದ್ದರೆ ಊಜಿ, ಹಣ್ಣಿಗೆ ಬಿದ್ದರೂ ಊಜಿಯೇ. ಹುಳು ಮನೆಯ ಕಿಟಕಿಗೆ ಕಟ್ಟುವ ನೈಲಾನ್ ಪರದೆ ತಂದು, ಕಾಯಿಗೊಂಚಲೆಲ್ಲ ಮುಚ್ಚುವಂತೆ ಮರಕ್ಕೆ ಮೂರು ಸುತ್ತು ಸುತ್ತಿದರು.

ಅತ್ತಿಯ ಹೂವೆಲ್ಲ ಕಾಯಿಯೊಳಗೇ ಇರುತ್ತದೆ, ಸಣ್ಣ ಕಣಜವೊಂದು ಪರಾಗ ಹೊತ್ತು ಒಳಗೆ ನುಗ್ಗಿದರೇ ಕಾಯಿ ನಿಲ್ಲುವುದು ಎಂದು ಎಷ್ಟು ಸಲ ಬಡಿದುಕೊಳ್ಳಲಿ? ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಅರ್ಥವಾಗುತ್ತದೆ. ಮನೆಯಲ್ಲಿ ಒಬ್ಬರಿಗೆ ಆಗುವುದಿಲ್ಲ.

ಸಂಜೆ ಉದುರಿದ ಕಾಯಿಯೊಂದನ್ನು ಸೀಳಿ, ಗೆದ್ದವರಂತೆ ನನ್ನ ಮುಂದೆ ಹಿಡಿದರು. "ನೋಡವ್ವ, ಒಂದು ಹುಳನಾದ್ರೂ ಐತಾ?"

"ಹುಳಾನೂ ಇಲ್ಲ, ಬೀಜಾನೂ ಇಲ್ಲ ಮಾವ. ಮತ್ತೆ ಉದುರಿದ್ಯಾಕೆ?"

"ಎಲ್ಲೋ ಒಸಿ ಸಂದು ಬುಟ್ಟಿದ್ದೀನಿ. ನಾಳೆ ಇನ್ನೊಂದು ಸುತ್ತು ಹಾಕ್ತೀನಿ ಕಣವ್ವ. ಮಗಾ ತಿನ್ಬೇಕಲ್ಲ."

ಬೈಯಲೂ ಬಿಡದ ಮನುಷ್ಯ.

ಬೆಳಿಗ್ಗೆ ಆರೂವರೆಗೆ ಮಾವ ಡೇರಿಗೆ ಹಾಲು ಹಾಕಲು ಹೋಗುತ್ತಾರೆ. ಕತ್ತರಿಯನ್ನು ಈಗಲೇ ಮರದ ಬುಡದಲ್ಲಿಟ್ಟು ಬಂದಿದ್ದೇನೆ.