ಪಾದರಸದ ಮನೆಗೆ ಹಸಿರು ಚೀಟಿ

ಜಿಲ್ಲಾ ಆರೋಗ್ಯ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಬಾಗಿಲಿಗೆ ನಿಮ್ಮವರು ಅಂಟಿಸಿದ ‘ಆರೋಗ್ಯವಂತ ಮನೆ’ ಎಂಬ ಹಸಿರು ಚೀಟಿಯನ್ನು ದಯವಿಟ್ಟು ನೀವೇ ಬಂದು ಕಿತ್ತುಕೊಂಡು ಹೋಗಿ. ನಾನೇ ಕೀಳಬಹುದಿತ್ತು. ಆದರೆ ಅದು ಸರಕಾರದ ಸ್ವತ್ತು, ಹಾಳು ಮಾಡಿದರೆ ಅಪರಾಧ ಎಂದು ಅದರ ಕೆಳಗೇ ಅಚ್ಚಾಗಿದೆ. ನನ್ನ ಮಗಳು ಹಾಳಾದದ್ದು ಯಾರ ಅಪರಾಧವೆಂದು ಎಲ್ಲೂ ಅಚ್ಚಾಗಿಲ್ಲ. ಅದಕ್ಕಾಗಿ ಈ ಪತ್ರ.

ಲೊಂಬೊಕ್ ದ್ವೀಪದ ಈ ಗುಡ್ಡಗಳಲ್ಲಿ ನಾವು ಹೇಗೆ ಬದುಕುತ್ತೇವೆಂದು ತಮಗೆ ತಿಳಿಯದ್ದೇನಲ್ಲ. ಗಂಡಸರು ಗುಡ್ಡ ಕೊರೆದು ಕಲ್ಲು ತರುತ್ತಾರೆ. ಅದನ್ನು ಪುಡಿ ಮಾಡಿ, ಪಾದರಸ ಬೆರೆಸಿ ಚಿನ್ನ ಹಿಡಿದು, ಎರಡೂ ಸೇರಿ ಆದ ಬೆಳ್ಳಗಿನ ಉಂಡೆಯನ್ನು ಒಲೆಯ ಮೇಲೆ ಸುಡುವುದು ಹೆಂಗಸರ ಪಾಲು. ಪಾದರಸ ಹಾರಿಹೋಗುತ್ತದೆ, ಚಿನ್ನ ಉಳಿಯುತ್ತದೆ. ಹಾರಿ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಸುಡುವಾಗ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಬೇಕು, ಪರರ ಕಣ್ಣು ಬಿದ್ದರೆ ಚಿನ್ನ ಕಡಿಮೆಯಾಗುತ್ತದೆ ಎಂಬ ಶಾಸ್ತ್ರ ಬೇರೆ. ಅದೂ ಅಜ್ಜಿಯರ ಶಾಸ್ತ್ರವಲ್ಲ. ಅವರು ಇಲ್ಲಿ ಜೋಳ ಬೆಳೆಯುತ್ತಿದ್ದರು. ಹದಿನೈದು ವರ್ಷಗಳಲ್ಲಿ ನಾವೇ ಹುಟ್ಟಿಸಿಕೊಂಡದ್ದು.

ಹಾಗೆ ಮುಚ್ಚಿದ ಅಡುಗೆಮನೆಯ ತೊಲೆಗೆ ನನ್ನ ಮಗಳು ಮಹ್ನಿಮ್‌ಗೆ ಅಗಲವಾದ ಬಟ್ಟೆಯಲ್ಲಿ ತೊಟ್ಟಿಲು ಕಟ್ಟಿದ್ದೆ. ಕೈ ಒಲೆಯಲ್ಲಿದ್ದರೂ ಕಾಲಿನಿಂದ ತೂಗಬಹುದಲ್ಲ. ಹಸಿ ಸೌದೆ ಉರಿಸುವ ದಿನ ಹೊಗೆ ತಾಗೀತೆಂದು ಮಗುವನ್ನು ಹೊರಗೆ ಒಯ್ಯುತ್ತಿದ್ದೆ. ಪಾದರಸ ಸುಡುವ ದಿನ ಒಯ್ಯುತ್ತಿರಲಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನಾನು ಬಹಳ ಜಾಣೆ ತಾಯಿ ಎಂದುಕೊಂಡಿದ್ದೆ.

ಕಳೆದ ವರ್ಷ ನಿಮ್ಮ ಪರಿಶೀಲಕರು ಬಂದರು. ಕಿಟಕಿಯ ಉದ್ದಗಲ ಅಳೆದರು, ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಹುಡುಕಿದರು, ಕಕ್ಕಸಿಗೆ ಇಣುಕಿದರು. ಅಕ್ಕಿ ಡಬ್ಬದ ಪಕ್ಕದಲ್ಲಿದ್ದ ಹಳೆಯ ಶರಬತ್ತಿನ ಬಾಟಲಿ ಎತ್ತಿ ನೋಡಿದರು.

“ಏನಮ್ಮ ಇದು, ಇಷ್ಟು ಭಾರ?”

“ಪಾದರಸ ಸಾರ್. ಚಿನ್ನ ಹಿಡಿಯೋಕೆ.”

“ಮುಚ್ಚಳ ಇದೆಯಲ್ಲ, ಸರಿ ಬಿಡಿ. ನೂರಕ್ಕೆ ತೊಂಬತ್ತೆರಡು ಬಂತು ನಿಮಗೆ.”

“ಸಾರ್, ಮಗೂಗೆ ಎರಡು ವರ್ಷ ಆಯ್ತು. ಇನ್ನೂ ಕತ್ತು ನಿಂತಿಲ್ಲ. ಕೈ ನಡುಗ್ತಾನೇ ಇರುತ್ತೆ.”

“ಅದು ಇದರಲ್ಲಿ ಬರಲ್ಲಮ್ಮ. ಇದು ಮನೆ ಫಾರಂ.”

ಚೀಟಿ ಅಂಟಿಸಿ, ಕಾಫಿ ಕುಡಿದು ಹೋದರು. ಮನೆಯ ಫಾರಂನಲ್ಲಿ ಮನೆಯವರಿಗೆ ಜಾಗವಿಲ್ಲವೆಂದರೆ, ಮಾನ್ಯರೇ, ತಾವು ಗೋಡೆಗಳ ಆರೋಗ್ಯ ವಿಚಾರಿಸಲು ಸಂಬಳ ಪಡೆಯುತ್ತಿದ್ದೀರಾ?

ಅದೇ ತಿಂಗಳು ವಿಶ್ವವಿದ್ಯಾಲಯದ ಹೆಣ್ಣುಮಗಳೊಬ್ಬಳು ಬಂದು ಅರವತ್ತು ಮನೆಗಳ ತಾಯಂದಿರ ಕೂದಲು ಕತ್ತರಿಸಿಕೊಂಡು ಹೋದಳು, ಮೈಯಲ್ಲಿ ಪಾದರಸ ಎಷ್ಟಿದೆಯೆಂದು ನೋಡಲು. ನನ್ನದು ನಲವತ್ತೊಂದನೆಯ ಪೊಟ್ಟಣ. ಫಲಿತಾಂಶ ಬರಲಿಲ್ಲ. ಬರದಿದ್ದರೆ ಒಳ್ಳೆಯದೇ ಇರಬೇಕೆಂದು ಸುಮ್ಮನಾದೆವು. ಹೋದ ತಿಂಗಳು ಅವಳೇ ಮತ್ತೆ ಬಂದವಳು ಮುಚ್ಚಿದ ಕಿಟಕಿ ನೋಡಿ ಬಾಗಿಲಲ್ಲೇ ನಿಂತಳು. “ನಿಮಗೆ ಹೇಳಿಲ್ವಾ? ಹನ್ನೊಂದು ತಿಂಗಳ ಹಿಂದೇನೇ ಆರೋಗ್ಯ ಕಚೇರಿಗೆ ಫಲಿತಾಂಶ ಕೊಟ್ವಲ್ಲ. ನಿಮ್ಮ ಕೂದಲಲ್ಲಿ ಪಾದರಸ ಇರಬೇಕಾದ್ದಕ್ಕಿಂತ ಒಂಬತ್ತು ಪಟ್ಟು ಇದೆ.”

ನಾನು ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ದನಿ ತಗ್ಗಿಸಿ ಹೇಳಿದರು, “ಹೇಳಿದ್ರೆ ಊರಲ್ಲಿ ಗಾಬರಿ ಆಗ್ತಿತ್ತಮ್ಮ. ಅದಕ್ಕೇ ಸಾಹೇಬ್ರು ಬೀರುನಲ್ಲಿ ಇಟ್ಟಿದಾರೆ.”

ನಮ್ಮ ನೆಮ್ಮದಿಯ ಮೇಲೆ ತಮಗೆಂಥ ಕಾಳಜಿ! ಆ ಹನ್ನೊಂದು ತಿಂಗಳೂ ನಾನು ನೆಮ್ಮದಿಯಾಗಿ, ವಾರಕ್ಕೆರಡು ಸಲ, ಕಿಟಕಿ ಮುಚ್ಚಿಕೊಂಡು ಸುಟ್ಟೆ. ಅದರಲ್ಲಿ ಕೊನೆಯ ಐದು ತಿಂಗಳು ನಾನು ಬಸುರಿ. ಮಹ್ನಿಮ್‌ಗೆ ಆದದ್ದು ತಿಳಿಯದೆ ಆದದ್ದು ಎಂದುಕೊಳ್ಳೋಣ. ಈ ಹೊಟ್ಟೆಯಲ್ಲಿರುವುದಕ್ಕೆ ಆದದ್ದು ತಮಗೆ ತಿಳಿದೇ ಆದದ್ದು. ನನಗೆ ಸಿಟ್ಟಿದೆ, ಅದಕ್ಕಿಂತ ಹೆಚ್ಚಾಗಿ ಭಯವಿದೆ.

ಸುಡುವುದನ್ನು ಬಿಟ್ಟಿದ್ದೇನೆ. ತೊಟ್ಟಿಲನ್ನು ಅಂಗಳದ ಜಗಲಿಗೆ ಸಾಗಿಸಿದ್ದೇನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪಕ್ಕದ ಮನೆಯ ರುಮೆನಾಳ ತಾಯಿಗೂ ಹೇಳಲು ಹೋದೆ. ಅವಳ ಸೊಸೆ ಹೆತ್ತು ತಿಂಗಳಾಗಿಲ್ಲ.

“ನಿನ್ನ ಮನೆ ಬಾಗಿಲಲ್ಲೇ ಆರೋಗ್ಯವಂತ ಮನೆ ಅಂತ ಸರಕಾರ ಬರೆದಿದೆ,” ಎಂದಳು ಅವಳು. “ನಮ್ಮನೇಲೂ ಇದೆ ನೋಡು. ಸರಕಾರಕ್ಕಿಂತ ನೀನು ಜಾಣೆನಾ?”

ಕಿಟಕಿ ಎಳೆದುಕೊಂಡಳು. ಒಳಗೆ ಮಗು ಅಳುತ್ತಿತ್ತು.

ಆದ್ದರಿಂದ ಮುಂದಿನ ಸಲ ಮಕ್ಕಳ ತೂಕ ನೋಡುವ ದಿನ ತಾವೇ ಖುದ್ದಾಗಿ ಊರಿಗೆ ಬರಬೇಕು. ಬೀರುವಿನ ಕಾಗದ ತಂದು, ಅರವತ್ತು ತಾಯಂದಿರಿಗೂ ಅವರವರ ಲೆಕ್ಕವನ್ನು ಬಾಯಿಬಿಟ್ಟು ಓದಿ ಹೇಳಬೇಕು. ನನ್ನ ರಕ್ತ ಪರೀಕ್ಷೆ ಮಾಡಿಸಬೇಕು. ನಂತರ ಅರವತ್ತು ಬಾಗಿಲಿನ ಚೀಟಿಗಳನ್ನೂ ನಿಮ್ಮ ಕೈಯಾರೆ ಕೀಳಬೇಕು. ಊರು ಗಾಬರಿಯಾದರೆ ಆಗಲಿ. ನನ್ನ ಹೆರಿಗೆಗೆ ಇನ್ನು ಮೂರು ತಿಂಗಳಿದೆ, ರುಮೆನಾಳ ಮನೆಯ ಕೂಸಿಗೆ ಅಷ್ಟೂ ಇಲ್ಲ.

ನಮ್ಮಲ್ಲಿ ಚೊಚ್ಚಲ ಮಗು ಹುಟ್ಟಿದ ದಿನ ತಾಯಿಯ ಹೆಸರು ಹೋಗಿ ಮಗುವಿನ ಹೆಸರು ಬರುತ್ತದೆ. ಊರೆಲ್ಲ ನನ್ನನ್ನು ಇನಾಕ್ ಮಹ್ನಿಮ್, ಮಹ್ನಿಮ್‌ನ ತಾಯಿ, ಎಂದೇ ಕರೆಯುತ್ತದೆ. ಕರೆದಾಗಲೆಲ್ಲ ನಾನು ತಿರುಗಿ ನೋಡುತ್ತೇನೆ. ಮಹ್ನಿಮ್ ತಿರುಗುವುದಿಲ್ಲ.

ಇಂತಿ,
ನಿಮ್ಮ ಬೀರುವಿನಲ್ಲಿರುವ ನಲವತ್ತೊಂದನೆಯ ಕೂದಲು,
ಇನಾಕ್ ಮಹ್ನಿಮ್