ಗೇಟಿನಿಂದ ವಾಪಸಾದ ಬ್ರೆಡ್ಡು

ಮನೆ, ಅಡುಗೆಮನೆಯ ಮೇಜು
ಭಾನುವಾರ ಸಂಜೆ, ಹದಿನಾಲ್ಕನೇ ತಾರೀಕು

ಪ್ರೀತಿಯ ರೀ,

ಹೀಗೆ ಶುರುಮಾಡಬಹುದೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದವರಿಗೆ ಪತ್ರ ಬರೆಯುವ ಪ್ರಸಂಗವೇ ಬಂದಿರಲಿಲ್ಲ, ಹೆಸರು ಹಿಡಿದು ಕರೆದ ಅಭ್ಯಾಸವೂ ಇಲ್ಲ. ಆರೋಗ್ಯ ಹೇಗಿದೆ? ಕೈ ನಡುಗುವುದು ಕಡಿಮೆಯಾಯಿತೇ? ನಿದ್ದೆ ಬರುತ್ತಿದೆಯೇ? ಊಟ ಸಪ್ಪೆ ಎಂದು ತಟ್ಟೆ ತಳ್ಳಬೇಡಿ. ಮೊದಲ ಮೂರು ವಾರ ಭೇಟಿಯೂ ಇಲ್ಲ, ಫೋನೂ ಇಲ್ಲ, ಪತ್ರ ಮಾತ್ರ, ಅದನ್ನೂ ನಾವು ಓದಿಯೇ ಒಳಗೆ ಕೊಡುವುದು ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದ್ದಾರೆ. ಹಾಗಾಗಿ ಈಗ ಓದುತ್ತಿರುವವರಿಗೂ ನನ್ನ ನಮಸ್ಕಾರ. ಇವರು ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾರೆ, ದಯವಿಟ್ಟು ಯಾರಾದರೂ ಎಳೆದು ಹೊದಿಸಿ.

ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ. ಕ್ಷೇಮವಾಗೇನೂ ಇಲ್ಲ. ಮನೆ ಬಿಕೋ ಎನ್ನುತ್ತಿದೆ. ಹತ್ತು ವರ್ಷದಿಂದ ಸಂಜೆ ಆರೂವರೆ ಆಯಿತೆಂದರೆ ನನ್ನ ಕಿವಿ ಮೆಟ್ಟಿಲ ಮೇಲೇ ಇರುತ್ತಿತ್ತು. ನಿಮ್ಮ ಹೆಜ್ಜೆ ಒಂದೇ ಸಮ ಬಿದ್ದರೆ ಒಲೆ ಹಚ್ಚುತ್ತಿದ್ದೆ, ಎರಡು ಮೆಟ್ಟಿಲಿಗೊಮ್ಮೆ ನಿಂತರೆ ಪಕ್ಕದವರಿಗೆ ಕೇಳದಿರಲಿ ಎಂದು ಮೊದಲು ಕಿಟಕಿ ಮುಚ್ಚುತ್ತಿದ್ದೆ. ಈಗ ಯಾರ ಹೆಜ್ಜೆಯೂ ಇಲ್ಲ, ಆದರೂ ಆರೂವರೆಗೆ ಹೊಲಿಗೆ ಮಿಷನ್ನು ತಾನಾಗಿ ನಿಂತುಹೋಗುತ್ತದೆ. ಅಂಗಡಿಯವರ ಪರದೆಗಳಿಗೆ ಅಂಚು ಹೊಲಿಯುವುದು ಇನ್ನೂ ಬಾಕಿ ಬಿದ್ದಿದೆ. ಕೆಲವು ಸಂಜೆ, ಕುಡಿದು ಬರುತ್ತಿದ್ದ ಆ ತಪ್ಪು ಹೆಜ್ಜೆಯಾದರೂ ಕೇಳಲಿ ಎನ್ನಿಸುತ್ತದೆ. ನಾಚಿಕೆಯಾಗುತ್ತದೆ, ಆದರೂ ಎನ್ನಿಸುತ್ತದೆ.

ನಿಮ್ಮ ಬುಕ್ ಬೈಂಡಿಂಗ್ ಶಾಪಿನ ಮೇಸ್ತ್ರಿಗಳು ಎರಡು ಸಲ ಫೋನ್ ಮಾಡಿದ್ದರು. ನೀವು ಹೇಳಿಕೊಟ್ಟ ಪಾಠವನ್ನೇ ಒಪ್ಪಿಸಿದೆ: ಕಾಮಾಲೆ, ಅಕ್ಕನ ಮನೆಯಲ್ಲಿ ಪಥ್ಯ, ಮಾತಾಡಲೂ ಶಕ್ತಿಯಿಲ್ಲ. ಕಣ್ಣು ಹಳದಿಯಾಗಿದೆಯಾ ಎಂದು ಕೇಳಿದರು. ನಿಂಬೆಹಣ್ಣೇ ಎಂದೆ. ಸೇರಿಸಿದ ದಿನ ಆ ಬಾಗಿಲಲ್ಲಿ ನಿಂತು ನೀವು ಅಂದಿರಲ್ಲ, "ಶಾಪಲ್ಲಿ ಒಬ್ಬರಿಗೆ ಗೊತ್ತಾದ್ರೂ ನಾನು ಮತ್ತೆ ಮನೆಗೆ ಬರಲ್ಲ, ನೋಡ್ಕೋ" ಎಂದು, ಅದು ನುಂಗಲೂ ಆಗದೆ ಉಗುಳಲೂ ಆಗದೆ ಬಿಸಿ ತುಪ್ಪದ ಹಾಗೆ ಗಂಟಲಲ್ಲಿ ಕೂತಿದೆ. ನೀವು ಹಟಮಾರಿ. ಅಂದದ್ದನ್ನು ಮಾಡುವವರೇ. ಅದಕ್ಕೇ ಭಯ.

ಇನ್ನು ಬ್ರೆಡ್ಡಿನ ಕಥೆ ಕೇಳಿ. ಗುರುವಾರ ಚಪ್ಪಲಿ ಗೂಡು ಗುಡಿಸುವಾಗ ನಿಮ್ಮ ಮಳೆಗಾಲದ ಬೂಟು ಎತ್ತಿದೆ. ಬಲಗಾಲಿನದು ಭಾರ. ಒಳಗೆ ಒಂದು ಕಪ್ಪು ಬಿಯರ್ ಬಾಟಲಿ ಉಣ್ಣೆಯ ಕಾಲುಚೀಲ ತೊಟ್ಟುಕೊಂಡು ಬೆಚ್ಚಗೆ ಮಲಗಿತ್ತು. ಆ ಕಾಲುಚೀಲ ಯಾರು ಹೆಣೆದದ್ದು? ನಿಮಗೆ ಶೀತ ಆಗದಿರಲಿ ಎಂದು ಕಣ್ಣು ನೋಯಿಸಿಕೊಂಡು ಹೆಣೆದರೆ ಅದನ್ನು ಬಾಟಲಿಗೆ ತೊಡಿಸಿದ್ದೀರಿ! ನೀವು ಎದುರಿಗಿದ್ದಿದ್ದರೆ ಪೊರಕೆ ಕೈಯಲ್ಲೇ ಇತ್ತು. ಸಿಂಕಿಗೆ ಸುರಿಯಲು ಹೊರಟಿದ್ದೆ, ಅಷ್ಟರಲ್ಲಿ ಕೆಳಗಿನ ಮನೆಯ ಬೇಕರಿ ಅಜ್ಜ ಪ್ಯಾಂಟಿನ ಅಂಚು ಮಡಚಿಸಲು ಬಂದರು. ನಲವತ್ತು ವರ್ಷ ಬೇಕರಿಯ ಒಲೆ ಕಾಯ್ದ ಜೀವ, ಬಾಟಲಿ ನೋಡಿದ್ದೇ ತಡ, "ಚೆಲ್ಲಬೇಡಮ್ಮ, ಇದರಲ್ಲಿ ಎಂಥಾ ರೈ ಬ್ರೆಡ್ಡಾಗುತ್ತೆ ಗೊತ್ತಾ?" ಎಂದು ಕೆಳಗೆ ಓಡಿ ಹಿಟ್ಟಿನ ಚೀಲ ತಂದರು.

ಎರಡು ಬಟ್ಟಲು ಕಂದು ರೈ ಹಿಟ್ಟು (ಗೋಧಿಯ ಹಾಗೇ ಒಂದು ಧಾನ್ಯವಂತೆ), ಎರಡು ಬಟ್ಟಲು ಮೈದಾ, ಉಪ್ಪು, ಕಾಲು ಚಮಚ ಯೀಸ್ಟು. ಅದರ ಮೇಲೆ ಬಿಯರ್ ಸುರಿದಾಗ ನೊರೆ ಬುಸ್ಸೆಂದು ಎದ್ದಿತು. ಸೌಟಿನಲ್ಲಿ ಒಮ್ಮೆ ತಿರುವಿ, ಒದ್ದೆ ಬಟ್ಟೆ ಮುಚ್ಚಿ, ಮರುದಿನ ಮಧ್ಯಾಹ್ನದವರೆಗೆ ಬಿಟ್ಟುಬಿಡಬೇಕಂತೆ. ಮತ್ತೆ ನಾದುವುದು ಯಾವಾಗ ಎಂದು ಕೇಳಿದರೆ "ನಾದೋದೇ ಇಲ್ಲ. ನೀನು ದೂರ ಇದ್ದರೆ ಸಾಕು, ಅದರ ಕೆಲಸ ಅದು ಮಾಡ್ಕೊಳ್ಳುತ್ತೆ" ಎಂದರು. ನನ್ನ ಕೈ ಸುಮ್ಮನಿರುವ ಕೈಯಲ್ಲ ಎಂದು ನಿಮಗೆ ಗೊತ್ತೇ ಇದೆ. ನಾಲ್ಕು ಸಲ ಬಟ್ಟೆ ಎತ್ತಿ ಇಣುಕಿದೆ, ಐದನೇ ಸಲ ಬೆರಳು ಇಟ್ಟೆ, ಅಂಟಿಕೊಂಡ ಹಿಟ್ಟು ಬಳೆಯವರೆಗೂ ಬಂತು. ಶುಕ್ರವಾರ ಮಧ್ಯಾಹ್ನ ನೋಡಿದರೆ ಮೈತುಂಬ ಗುಳ್ಳೆಯಾಗಿ ಎರಡರಷ್ಟು ಉಬ್ಬಿತ್ತು. ದಪ್ಪ ಕಬ್ಬಿಣದ ಪಾತ್ರೆಯನ್ನು ಓವನ್ನಿನಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟನ್ನು ಅದಕ್ಕೆ ಇಳಿಸಿ, ಮುಚ್ಚಳ ಹಾಕಿ ಅರ್ಧ ಗಂಟೆ, ತೆಗೆದು ಮತ್ತೆ ಕಾಲು ಗಂಟೆ. ಹೊರಗೆ ತೆಗೆದಿಟ್ಟಾಗ ಆ ಕಪ್ಪು ಸಿಪ್ಪೆ ತಣಿಯುತ್ತಾ ಚಿಟಿಚಿಟಿ ಎನ್ನತೊಡಗಿತು. ನಾನು ಕುರ್ಚಿ ಎಳೆದುಕೊಂಡು ಕೂತು ಕೇಳಿದೆ. ಹದಿನೈದು ದಿನದಲ್ಲಿ ಈ ಮನೆಯಲ್ಲಿ ನನ್ನ ಹೊರತು ಸದ್ದು ಮಾಡಿದ್ದು ಅದೊಂದೇ.

ಒಬ್ಬಳೇ ಕೊಯ್ದು ತಿನ್ನಲು ಮನಸ್ಸಾಗಲಿಲ್ಲ. ಇವತ್ತು ಬಟ್ಟೆಯಲ್ಲಿ ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ, ನಿಮ್ಮ ಗೇಟಿಗೆ ತಂದೆ. ತಿಂಡಿ ತೀರ್ಥ ಭಾನುವಾರ ಮೂರು ಗಂಟೆಗೆ ತೆಗೆದುಕೊಳ್ಳುತ್ತಾರಲ್ಲ. ದೇವರಾಣೆ, ಅಲ್ಲಿಯವರೆಗೂ ನನಗೆ ಹೊಳೆಯಲೇ ಇಲ್ಲ. ಸಿಸ್ಟರ್ ಬಟ್ಟೆ ಬಿಚ್ಚಿ "ಏನೇನು ಹಾಕಿದೀರಮ್ಮ?" ಎಂದರು. ರೈ ಹಿಟ್ಟು, ಮೈದಾ, ಉಪ್ಪು, ಯೀಸ್ಟು ಎಂದು ಎಣಿಸಿಕೊಂಡು ಹೋದವಳು ಅಲ್ಲಿಗೆ ನಿಂತೆ. ಕುಡಿತ ಬಿಡಿಸುವ ಆಸ್ಪತ್ರೆಗೆ ಬಿಯರ್ ಬ್ರೆಡ್ಡು ಹೊತ್ತು ತಂದ ಹೆಂಡತಿ ಲೋಕದಲ್ಲಿ ನಾನೊಬ್ಬಳೇ ಇರಬೇಕು. ನೀರು ಎನ್ನಬಹುದಿತ್ತು. ಎರಡೇ ಅಕ್ಷರ. ನಿಮಗಾಗಿ ನಾನು ಹೇಳದ ಸುಳ್ಳು ಯಾವುದಿದೆ? ಜ್ವರ, ಬೆನ್ನು ನೋವು, ಬಸ್ಸು ಕೆಟ್ಟದ್ದು. ನಿಮ್ಮ ಚಿಕ್ಕಪ್ಪನನ್ನಂತೂ ಎರಡು ಸಲ ಸಾಯಿಸಿದ್ದೇನೆ, ಪಾಪ, ಆ ಮನುಷ್ಯ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಆದರೆ ಇವತ್ತು ನಾಲಿಗೆ ತಿರುಗಲಿಲ್ಲ. ಬಿಯರ್ ಎಂದೆ. ಸಿಸ್ಟರ್ ಒಂದು ಕ್ಷಣ ನನ್ನ ಮುಖ ನೋಡಿದರು, ನಗು ತಡೆದುಕೊಂಡರು, ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು "ಕಾವಿಗೆ ಅಮಲು ಬಹಳಷ್ಟು ಹೋಗಿರುತ್ತೆ, ಆದ್ರೂ ವಾಸನೆ ಉಳಿಯುತ್ತಲ್ಲ. ಒಳಗೆ ಬೇಡಮ್ಮ" ಎಂದು ಕಟ್ಟಿ ವಾಪಸು ಕೊಟ್ಟರು. ಇಂಗು ತಿಂದ ಮಂಗನ ಹಾಗೆ ರಸ್ತೆಯಲ್ಲಿ ನಿಂತು ಮೂರೂ ಮಹಡಿಯ ಕಿಟಕಿ ನೋಡಿದೆ. ಒಂದರಲ್ಲಿ ನೀಲಿ ಟವೆಲು ಒಣಗುತ್ತಿತ್ತು. ನಿಮ್ಮದೇ ಇರಬೇಕು ಎಂದುಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡಿದೆ.

ನಿಮ್ಮ ಅಕ್ಕನವರು ದಿನಾ ವಿಚಾರಿಸುತ್ತಾರೆ, ಧೈರ್ಯವಾಗಿರಲು ಹೇಳಿದ್ದಾರೆ. ಡಾಕ್ಟರು ಹೇಳಿದಂತೆ ಕೇಳಿ, ಮಾತ್ರೆಯನ್ನು ನಾಲಿಗೆ ಕೆಳಗೆ ಬಚ್ಚಿಡಬೇಡಿ. ನಿಮಗೆ ಒಳ್ಳೆಯದಾಗಲಿ ಎಂದು ಬೇಡುವವಳು ಇಲ್ಲಿ ಒಬ್ಬಳಿದ್ದಾಳೆ.

ನಿಮ್ಮ,
"ಇವಳೇ"

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಧೈರ್ಯ ಬರಲಿಲ್ಲ. ಬರುವಾಗ ಮೇಸ್ತ್ರಿಗಳ ಮನೆಯ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಬಾಗಿಲಲ್ಲೇ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ, ಎಲ್ಲಿದ್ದೀರಿ, ಯಾಕಿದ್ದೀರಿ ಎಂದು. ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಆಮೇಲೆ "ಕುಡಿದ ಕೈಲಿ ಅವನ ಬೆರಳು ಹೋಗಬಾರ್ದು ಅಂತ ಎರಡು ವರ್ಷದಿಂದ ಪೇಪರ್ ಕಟಿಂಗ್ ಮಿಷನ್ನಿಗೆ ನಾನೇ ನಿಲ್ತಿದೀನಮ್ಮ. ನನಗೇ ಆ ಕೆಲಸ ಇಷ್ಟ ಅಂತ ಅವನಿಗೆ ಸುಳ್ಳು ಹೇಳ್ಕೊಂಡು" ಎಂದರು. ಅವರ ಮನೆಯಲ್ಲೇ ಬ್ರೆಡ್ಡು ಕೊಯ್ದೆವು. ಸ್ವಲ್ಪ ಕಹಿ, ಚೆನ್ನಾಗಿತ್ತು. ಕೆಲಸ ಇರುತ್ತದೆಂದು ಅವರು ಮಾತು ಕೊಡಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಭಾನುವಾರ ಭೇಟಿಗೆ ಬಿಡುತ್ತಾರೆ. ನಾನು ಬಂದು ಕೂತಿರುತ್ತೇನೆ. ಮನೆಗೆ ಬರುವುದಿಲ್ಲ ಎನ್ನುವುದಾದರೆ ಸಿಸ್ಟರ್ ಕೈಲಿ ಹೇಳಿಕಳಿಸಬೇಡಿ, ನೀವೇ ಮೆಟ್ಟಿಲಿಳಿದು ಬಂದು ಹೇಳಿ.